ಕಾಫಿಯ ರಫ್ತು ಮತ್ತು ಸಣ್ಣ ಬೆಳೆಗಾರನ ಸಾಕ್ಷ್ಯ

(ಮಲೆನಾಡಿನ ಸಣ್ಣ ಕಾಫಿ ಬೆಳೆಗಾರರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಭಾರತದಲ್ಲಿ ವರ್ಷಕ್ಕೆ ಸುಮಾರು 3.5 ಲಕ್ಷ ಟನ್ ಕಾಫಿ ಬೆಳೆಯುತ್ತದೆ. ಅದರಲ್ಲಿ ಶೇಕಡಾ 70ರಷ್ಟು ಕರ್ನಾಟಕದ್ದು. ಎಂದರೆ ಬಹುಮಟ್ಟಿಗೆ ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳ ಗುಡ್ಡಗಳದ್ದು. ದೇಶದ ಕಾಫಿಯ ಹೆಚ್ಚಿನ ಪಾಲು ಇಲ್ಲಿ ಕುಡಿಯಲ್ಪಡುವುದಿಲ್ಲ, ಹಡಗು ಹತ್ತುತ್ತದೆ. ಹಾಗೆ ಹೊರಟಿದ್ದರಲ್ಲಿ ಸುಮಾರು ಅರ್ಧವನ್ನು ಇಟಲಿ, ಜರ್ಮನಿ, ಬೆಲ್ಜಿಯಂ ಮೊದಲಾದ ಐರೋಪ್ಯ ಒಕ್ಕೂಟದ ದೇಶಗಳು ಕೊಳ್ಳುತ್ತವೆ. ಆದಕಾರಣ ಬ್ರಸೆಲ್ಸ್ ನಗರದಲ್ಲಿ ಒಂದು ಕಾಯಿದೆ ಬರೆಯಲ್ಪಟ್ಟರೆ ಮೂಡಿಗೆರೆಯ, ಸಕಲೇಶಪುರದ, ಸೋಮವಾರಪೇಟೆಯ ಕಣಗಳಲ್ಲಿ ಅದರ ಪರಿಣಾಮ ಕಾಣದಿರುವುದು ಸಾಧ್ಯವಿಲ್ಲ.

ಈ ಕಾಫಿಯನ್ನು ಬೆಳೆಯುವವರು ಯಾರು? ದೇಶದ ಕಾಫಿ ಹಿಡುವಳಿಗಳಲ್ಲಿ ಶೇಕಡಾ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಅವುಗಳಲ್ಲಿಯೂ ಬಹುಪಾಲು ಎರಡು, ಮೂರು, ಐದು ಎಕರೆಯ ತೋಟಗಳು. ರಫ್ತಿನ ವಿಷಯ ಬಂದಾಗ ಮಾತ್ರ ಈ ಬೆಳೆಗಾರನ ಮುಖ ಕಾಣುವುದಿಲ್ಲ. ಆತ ಚೀಲವನ್ನು ಊರಿನ ವ್ಯಾಪಾರಿಯ ತಕ್ಕಡಿಗೆ ಹಾಕಿದ ಕ್ಷಣದಲ್ಲಿ ಅವನ ಹೆಸರು ಅಳಿಸಿಹೋಗುತ್ತದೆ. ಹೊಸ ಕಾಯಿದೆಗಳು ಕೇಳುತ್ತಿರುವುದು ಅಳಿಸಿಹೋಗುವ ಆ ಹೆಸರನ್ನೇ, ಆ ತೋಟದ ಗುರುತನ್ನೇ. ಸಣ್ಣ ಬೆಳೆಗಾರನಿಗೆ ರಫ್ತಿನಲ್ಲಿ ನೆರವಾಗುವುದೆಂದರೆ ಇಂದು ಮುಖ್ಯವಾಗಿ ಅವನ ತೋಟದ ಸಾಕ್ಷ್ಯವನ್ನು ಬರೆದಿಡಲು ನೆರವಾಗುವುದು. ಮತ್ತು ಆ ಸಾಕ್ಷ್ಯ ಅವನದೇ ಸಂಘದ ಪೆಟ್ಟಿಗೆಯಲ್ಲಿ ಉಳಿಯುವಂತೆ ನೋಡಿಕೊಳ್ಳುವುದು. ಇಂದಿನ ಉಪನ್ಯಾಸದ ವಿಷಯ ಇಷ್ಟೇ.

ಪೂಲ್‌ನ ಕಾಲ ಮತ್ತು ಆ ಬಳಿಕ

1942ರ ಕಾಫಿ ಕಾಯಿದೆಯ ಅಡಿಯಲ್ಲಿ ಬೆಳೆಗಾರರು ತಮ್ಮ ಕಾಫಿಯನ್ನು ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಾಗಿತ್ತು. ಮಂಡಳಿ ಅದನ್ನು ಹರಾಜಿನಲ್ಲಿ ಮಾರಿ ಹಣವನ್ನು ಕಂತುಗಳಲ್ಲಿ ಹಂಚುತ್ತಿತ್ತು. ಹಣ ಬರಲು ತಡವಾಗುತ್ತಿದ್ದುದು, ಒಳ್ಳೆಯ ಕಾಫಿಗೂ ಸಾಧಾರಣ ಕಾಫಿಗೂ ಸಾಕಷ್ಟು ವ್ಯತ್ಯಾಸ ಸಿಗದಿದ್ದುದು ಆ ವ್ಯವಸ್ಥೆಯ ದೋಷಗಳು. 1990ರ ದಶಕದಲ್ಲಿ ಪೂಲ್ ಹಂತಹಂತವಾಗಿ ಸಡಿಲಗೊಂಡು, 1996ರ ವೇಳೆಗೆ ಬೆಳೆಗಾರನು ತನ್ನ ಕಾಫಿಯನ್ನು ತನಗೆ ಬೇಕಾದವರಿಗೆ ಮಾರುವ ಸ್ವಾತಂತ್ರ್ಯ ಪಡೆದನು.

ಸ್ವಾತಂತ್ರ್ಯ ಬಂದದ್ದು ನಿಜ. ಆದರೆ ಅದು ಬಂದ ಕಾಲ ಕಷ್ಟದ್ದಾಗಿತ್ತು. ದೇಶದೇಶಗಳ ನಡುವೆ ರಫ್ತಿನ ಪಾಲನ್ನು ನಿಗದಿಪಡಿಸುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ 1989ರಲ್ಲಿಯೇ ಕುಸಿದಿತ್ತು. ವಿಯೆಟ್ನಾಂ ಕೆಲವೇ ವರ್ಷಗಳಲ್ಲಿ ಜಗತ್ತಿನ ಎರಡನೆಯ ದೊಡ್ಡ ಕಾಫಿ ದೇಶವಾಗಿ ಬೆಳೆಯಿತು. 2001 ಮತ್ತು 2002ರಲ್ಲಿ ಜಾಗತಿಕ ಸರಾಸರಿ ಬೆಲೆ ಒಂದು ಪೌಂಡಿಗೆ 50 ಅಮೆರಿಕನ್ ಸೆಂಟಿಗಿಂತ ಕೆಳಗಿಳಿಯಿತು. ಅನೇಕ ಬೆಳೆಗಾರರಿಗೆ ಹಣ್ಣು ಕೊಯ್ಯುವ ಕೂಲಿಯೂ ಹುಟ್ಟಲಿಲ್ಲ. ಸಾಲ ತೀರಿಸಲೆಂದು ನೆರಳಿನ ಮರಗಳನ್ನು ಮಾರಿದ ತೋಟಗಳು ಎಷ್ಟೋ. ಹೊರನಾಡ ಮಾರುಕಟ್ಟೆಯ ಕುಸಿತವು ಮಲೆನಾಡಿನ ಮರಗಳ ಮೇಲೆ ಹೇಗೆ ಬಂದು ಬೀಳುತ್ತದೆಂಬುದಕ್ಕೆ ಆ ವರ್ಷಗಳೇ ಪಾಠ.

ಇಂದು ಚಿತ್ರ ತಿರುವುಮುರುವಾಗಿದೆ. 2025ರ ಫೆಬ್ರವರಿಯಲ್ಲಿ ಅರೇಬಿಕಾ ಬೆಲೆ ನ್ಯೂಯಾರ್ಕಿನ ವಾಯಿದೆ ಪೇಟೆಯಲ್ಲಿ ಪೌಂಡಿಗೆ 4 ಡಾಲರ್ ದಾಟಿತು. ಬ್ರೆಜಿಲ್ಲಿನ ಬರ, ವಿಯೆಟ್ನಾಮಿನ ಬರ ಇದಕ್ಕೆ ಮುಖ್ಯ ಕಾರಣಗಳು. ಒಬ್ಬರ ಬರ ಇನ್ನೊಬ್ಬರ ಸುಗ್ಗಿಯಾದ ಇಂಥ ಬೆಲೆ ಎಂದೆಂದೂ ನಿಲ್ಲದು. ಕೈಯಲ್ಲಿ ನಾಲ್ಕು ಕಾಸು ಉಳಿಯುವ ಇಂಥ ವರ್ಷಗಳಲ್ಲಿಯೇ ಮುಂದಿನ ಕೆಟ್ಟ ವರ್ಷಕ್ಕೆ ಬೇಕಾದ ವ್ಯವಸ್ಥೆಯನ್ನು ಕಟ್ಟಿಕೊಳ್ಳಬೇಕು.

2023ರ ಕಾಯಿದೆ ಏನು ಕೇಳುತ್ತದೆ?

ಐರೋಪ್ಯ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆಯ ಕಾಯಿದೆಯೊಂದನ್ನು ತಂದಿತು. ದನದ ಉತ್ಪನ್ನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ ಈ ಏಳು ಸರಕುಗಳು ಅದರ ವ್ಯಾಪ್ತಿಯಲ್ಲಿವೆ. ಅದು ಕೇಳುವುದು ಮೂರು ವಿಷಯಗಳನ್ನು. ಮೊದಲನೆಯದು, ಸರಕು ಬೆಳೆದ ಭೂಮಿಯಲ್ಲಿ 2020ರ ಡಿಸೆಂಬರ್ 31ರ ನಂತರ ಕಾಡು ನಾಶವಾಗಿರಬಾರದು. ಎರಡನೆಯದು, ಬೆಳೆದ ದೇಶದ ಕಾನೂನಿಗೆ ಅನುಗುಣವಾಗಿ ಅದು ಬೆಳೆದಿರಬೇಕು. ಭೂಮಿಯ ಹಕ್ಕು, ಕಾರ್ಮಿಕರ ಹಕ್ಕು, ಪರಿಸರ ಕಾನೂನುಗಳು ಎಲ್ಲವೂ ಇದರಲ್ಲಿ ಸೇರಿವೆ. ಮೂರನೆಯದು, ಆಮದುದಾರನು ಈ ಎರಡೂ ಸತ್ಯವೆಂದು ಪರಿಶೀಲಿಸಿ ಹೇಳಿಕೆ ಸಲ್ಲಿಸಬೇಕು. ಆ ಹೇಳಿಕೆಯಲ್ಲಿ ಪ್ರತಿಯೊಂದು ತೋಟದ ಅಕ್ಷಾಂಶ, ರೇಖಾಂಶ ಇರಬೇಕು. 4 ಹೆಕ್ಟೇರ್‌ವರೆಗಿನ ತೋಟಕ್ಕೆ ಒಂದು ಬಿಂದು ಸಾಕು. ಅದಕ್ಕೂ ದೊಡ್ಡದಕ್ಕೆ ಸುತ್ತಲಿನ ಗಡಿರೇಖೆಯೇ ಬೇಕು.

ಈ ಕಾಯಿದೆ ಮೊದಲು 2024ರ ಡಿಸೆಂಬರ್ 30ರಿಂದ ಅನ್ವಯಿಸಬೇಕಿತ್ತು. ಒಮ್ಮೆ ಒಂದು ವರ್ಷ ಮುಂದಕ್ಕೆ ಹೋಯಿತು. 2025ರ ಡಿಸೆಂಬರಿನ ತಿದ್ದುಪಡಿಯು ದೊಡ್ಡ ಮತ್ತು ಮಧ್ಯಮ ಸಂಸ್ಥೆಗಳಿಗೆ 2026ರ ಡಿಸೆಂಬರ್ 30, ಅತಿಸಣ್ಣ ಮತ್ತು ಸಣ್ಣ ಸಂಸ್ಥೆಗಳಿಗೆ 2027ರ ಜೂನ್ 30 ಎಂದು ದಿನಾಂಕ ನಿಗದಿಪಡಿಸಿತು. ಎರಡು ಸಲ ಮುಂದೂಡಿದ್ದನ್ನು ಕಂಡು ಇದು ಬರುವುದೇ ಇಲ್ಲವೆಂದು ಕೆಲವರು ನಿಶ್ಚಿಂತರಾಗಿದ್ದಾರೆ. ಆದರೆ ದೊಡ್ಡ ಖರೀದಿದಾರರು ಕಾಯಿದೆಯ ದಿನಾಂಕಕ್ಕೆ ಕಾಯುವುದಿಲ್ಲ; ಗುರುತು ಸಿದ್ಧವಿರುವ ಕಾಫಿಯನ್ನು ಮೊದಲೇ ಹುಡುಕಿಕೊಳ್ಳುತ್ತಾರೆ.

2025ರ ಮೇ ತಿಂಗಳಲ್ಲಿ ಐರೋಪ್ಯ ಆಯೋಗ ದೇಶಗಳನ್ನು ಅಪಾಯದ ಮಟ್ಟಕ್ಕೆ ಅನುಸಾರವಾಗಿ ವಿಂಗಡಿಸಿದಾಗ ಭಾರತ ಕಡಿಮೆ ಅಪಾಯದ ಸಾಲಿಗೆ ಸೇರಿತು. ಇದು ಸಮಾಧಾನದ ಸಂಗತಿ. ತಪಾಸಣೆಯ ಪ್ರಮಾಣ ಇದರಿಂದ ಕಡಿಮೆಯಾಗುತ್ತದೆ, ಆಮದುದಾರನ ಪರಿಶೀಲನೆಯೂ ಸರಳವಾಗುತ್ತದೆ. ಆದರೆ ಈ ಪಟ್ಟಿಯ ಬಲದಿಂದ ತೋಟದ ಗುರುತು ಕೊಡುವ ಹೊಣೆ ತಪ್ಪುವುದಿಲ್ಲ. ಅನೇಕ ಬೆಳೆಗಾರರಿಗೆ ತಲುಪದೆ ಉಳಿದಿರುವ ವಿಷಯ ಇದೇ.

ಈ ಕಾಯಿದೆಯ ಬಗ್ಗೆ ಆಕ್ಷೇಪಗಳೂ ಇವೆ. ತಮ್ಮ ಕಾಡುಗಳನ್ನು ಶತಮಾನಗಳ ಹಿಂದೆಯೇ ತೆರವುಗೊಳಿಸಿ ಹೊಲ ಮಾಡಿಕೊಂಡವರು, ವಸಾಹತು ಕಾಲದಲ್ಲಿ ಘಟ್ಟದ ಕಾಡು ಕಡಿಸಿ ತೋಟ ಎಬ್ಬಿಸಿದವರು, ಇಂದು ಘಟ್ಟದ ಬಡ ರೈತನಿಂದ ಪ್ರಮಾಣಪತ್ರ ಕೇಳುವುದು ಯಾವ ನ್ಯಾಯ? ಸಾಕ್ಷ್ಯ ಒದಗಿಸುವ ವೆಚ್ಚವನ್ನು ಕೊಳ್ಳುವವನೇಕೆ ಹೊರಬಾರದು? ಈ ಪ್ರಶ್ನೆಗಳು ನ್ಯಾಯವಾದವು, ಅವನ್ನು ಕೇಳುತ್ತಲೇ ಇರಬೇಕು. ಆದರೆ ಕಾಡಿನ ಪರವಾಗಿ ದನಿಯೆತ್ತುವ ಚಳವಳಿಯು ಕಾಡು ಕಡಿದು ಬೆಳೆದ ಸರಕನ್ನು ಕೊಳ್ಳುವುದಿಲ್ಲವೆನ್ನುವ ತತ್ತ್ವವನ್ನೇ ತಳ್ಳಿಹಾಕಲಾರದು. ತತ್ತ್ವವನ್ನು ಒಪ್ಪಿ, ಅದರ ಹೊರೆ ಯಾರ ಹೆಗಲಿಗೆ ಬೀಳುತ್ತದೆಂಬುದನ್ನು ಪ್ರಶ್ನಿಸುವುದು ಸರಿಯಾದ ನಿಲುವು.

ಒಂದು ಕಂಟೇನರಿನ ಲೆಕ್ಕ

ಹೊರೆ ಹೇಗೆ ಬೀಳುತ್ತದೆಂಬುದನ್ನು ಒಂದು ಕಂಟೇನರಿನ ಲೆಕ್ಕದಿಂದ ತಿಳಿಯಬಹುದು. 20 ಅಡಿಯ ಒಂದು ಕಂಟೇನರಿಗೆ 60 ಕಿಲೋದ ಸುಮಾರು 320 ಚೀಲ ಹಸಿರು ಬೀಜ ಹಿಡಿಯುತ್ತದೆ. ಎಂದರೆ 19,200 ಕಿಲೋ. ಅರೇಬಿಕಾದ ಇಳುವರಿ ಹೆಕ್ಟೇರಿಗೆ ಸುಮಾರು 450 ಕಿಲೋ ಎಂದಿಟ್ಟುಕೊಂಡರೆ, ಒಂದೊಂದು ಹೆಕ್ಟೇರ್ ತೋಟವಿರುವ 43 ಬೆಳೆಗಾರರು ಸೇರಿದರೆ ಒಂದು ಕಂಟೇನರ್ ತುಂಬುತ್ತದೆ. ಹೆಕ್ಟೇರಿಗೆ ಸುಮಾರು 1,100 ಕಿಲೋ ಬರುವ ರೋಬಸ್ಟಾ ಆದರೆ 17 ಅಥವಾ 18 ಮಂದಿ ಬೇಕು.

ಕಾಯಿದೆಯ ಪ್ರಕಾರ ಗುರುತು ಗೊತ್ತಿಲ್ಲದ ಕಾಫಿಯನ್ನು ಗುರುತಿರುವ ಕಾಫಿಯ ಜೊತೆ ಬೆರೆಸುವಂತಿಲ್ಲ. 43 ತೋಟಗಳಲ್ಲಿ 42ರ ಗುರುತು ಸರಿಯಿದ್ದು ಒಂದರದು ಇಲ್ಲದೆ ಹೋದರೆ, ಆ ಒಂದನ್ನು ಬೇರ್ಪಡಿಸಿ ತೋರಿಸಲಾಗದ ಇಡೀ ಸರಕೇ ಮಾರುಕಟ್ಟೆಗೆ ಅನರ್ಹವಾಗುತ್ತದೆ. ಈಗ ರಫ್ತುದಾರನ ಸ್ಥಾನದಲ್ಲಿ ನಿಂತು ಯೋಚಿಸಬೇಕು. 200 ಹೆಕ್ಟೇರಿನ ಒಂದು ಎಸ್ಟೇಟಿನಿಂದ ಒಂದೇ ಗಡಿರೇಖೆಯೊಡನೆ ನಾಲ್ಕು ಕಂಟೇನರಿಗೂ ಹೆಚ್ಚು ಅರೇಬಿಕಾ ದೊರೆಯುತ್ತದೆ. 43 ಮನೆಗಳ ಬಾಗಿಲಿಗೆ ಹೋಗಿ, 43 ಪಹಣಿ ನೋಡಿ, 43 ಬಿಂದು ಗುರುತಿಸಿ, ಅವರ ಚೀಲಗಳನ್ನು ಬೇರೆಯವರ ಚೀಲದೊಡನೆ ಸೇರದಂತೆ ಕ್ಯೂರಿಂಗ್ ವರ್ಕ್ಸ್‌ವರೆಗೆ ಕಾಯುವ ಶ್ರಮವನ್ನು ಆತ ಏಕೆ ತೆಗೆದುಕೊಂಡಾನು? ಯಾರ ಮೇಲಿನ ದ್ವೇಷವೂ ಇಲ್ಲದೆ, ಕೇವಲ ಅನುಕೂಲದ ಲೆಕ್ಕದಿಂದಲೇ ಸಣ್ಣವನು ಹೊರಗುಳಿಯುತ್ತಾನೆ. ಹೊರಗುಳಿದವನ ಕಾಫಿ ಗುರುತು ಕೇಳದ ಮಾರುಕಟ್ಟೆಗೆ, ಕಡಿಮೆ ಬೆಲೆಗೆ ಹೋಗುತ್ತದೆ.

ಇದಕ್ಕೆ ಪಹಣಿಯ ತೊಡಕು ಬೇರೆ. ಅಜ್ಜನ ಹೆಸರಿನಲ್ಲಿರುವ ಖಾತೆ, ಅಣ್ಣತಮ್ಮಂದಿರ ನಡುವೆ ಬಾಯಿಮಾತಿನಲ್ಲಿ ಆದ ಪಾಲು, ಕೊಡಗಿನ ಜಮ್ಮಾ, ಬಾಣೆ ಜಮೀನುಗಳ ಇತ್ಯರ್ಥವಾಗದ ದಾಖಲೆ, ಸಾಗುವಳಿ ಚೀಟಿಗಾಗಿ ಅರ್ಜಿ ಹಾಕಿ ಕಾಯುತ್ತಿರುವ ಕುಟುಂಬಗಳು, ಇವೆಲ್ಲ ಮಲೆನಾಡಿನ ನಿತ್ಯದ ಸಂಗತಿಗಳು. ವಿಧವೆಯಾದ ತಾಯಿ ತೋಟ ನೋಡಿಕೊಳ್ಳುತ್ತಿದ್ದರೂ ಪಹಣಿಯಲ್ಲಿ ಆಕೆಯ ಹೆಸರು ಏರಿರುವುದಿಲ್ಲ. ಭೂಮಿಯ ಹಕ್ಕಿನ ಪ್ರಶ್ನೆಯನ್ನು ಬ್ರಸೆಲ್ಸ್‌ನ ಕಾಯಿದೆ ಹುಟ್ಟುಹಾಕಿದ್ದಲ್ಲ. ಆದರೆ ಇತ್ಯರ್ಥವಾಗದೆ ಉಳಿದದ್ದರ ಬೆಲೆಯನ್ನು ಅದು ಇನ್ನು ಕಾಫಿಯ ಚೀಲದ ಮೇಲೆ ಬರೆಯಲಿದೆ.

ಉಪಗ್ರಹಕ್ಕೆ ಕಾಣುವುದು ಮತ್ತು ಕಾಣದಿರುವುದು

ತೋಟದ ಬಿಂದು ಗುರುತಿಸಿದ ಬಳಿಕ ಅಲ್ಲಿ 2020ರಲ್ಲಿ ಕಾಡಿತ್ತೇ, ಈಗ ಇದೆಯೇ ಎಂಬುದನ್ನು ಬಹುಮಟ್ಟಿಗೆ ಉಪಗ್ರಹ ಚಿತ್ರಗಳಿಂದಲೇ ನೋಡುತ್ತಾರೆ. ಮಲೆನಾಡಿನ ಕಾಫಿಗೆ ಇಲ್ಲಿ ವಿಶೇಷವಾದ ಸಮಸ್ಯೆಯಿದೆ. ಬ್ರೆಜಿಲ್ಲಿನ ಬಯಲು ಕಾಫಿ ಬಿಸಿಲಲ್ಲಿ ಸಾಲುಗಟ್ಟಿ ನಿಲ್ಲುತ್ತದೆ; ಮೇಲಿನಿಂದ ಅದು ಹೊಲವೆಂದು ಸ್ಪಷ್ಟವಾಗಿ ಕಾಣುತ್ತದೆ. ಅತ್ತಿ, ಬಸರಿ, ಹಲಸು, ನಂದಿ, ಮತ್ತಿ, ಬೀಟೆಗಳ ಎರಡು ಮೂರು ಅಂತಸ್ತಿನ ನೆರಳಿನ ಕೆಳಗಿರುವ ಕೊಡಗಿನ ತೋಟ ಮೇಲಿನಿಂದ ಕಾಡಿನಂತೆಯೇ ಕಾಣುತ್ತದೆ. ಕಾಯಿದೆಯ ವ್ಯಾಖ್ಯೆಯಂತೆ ಮರಗಳ ನೆರಳಿನಲ್ಲಿ ಬೆಳೆ ತೆಗೆಯುವ ಕೃಷಿಭೂಮಿ ಅರಣ್ಯವಲ್ಲ. ಆದರೆ ಜಗತ್ತಿನ ನಕ್ಷೆಗಳು ಎಲ್ಲೆಡೆ ಈ ಭೇದವನ್ನು ಗುರುತಿಸುವುದಿಲ್ಲ. ತೋಟ ಕಾಡೆಂದು ದಾಖಲಾಗಿದ್ದು, ಮಳೆಗೆ ಮುಂಚೆ ಬೆಳೆಗಾರ ವಾಡಿಕೆಯಂತೆ ಮರಗಸಿ ಮಾಡಿಸಿದರೆ, ಚಿತ್ರದಲ್ಲಿ ಕಾಡು ತೆಳುವಾದಂತೆ ತೋರಬಹುದು. ನೆರಳನ್ನು ಉಳಿಸಿಕೊಂಡವನೇ ಅನುಮಾನಕ್ಕೆ ಗುರಿಯಾಗುವ ವಿಪರ್ಯಾಸ ಇದು.

ಇನ್ನೊಂದು ವಿಪರ್ಯಾಸ ಇದಕ್ಕಿಂತ ಗಂಭೀರ. ಒಂದು ತೋಟದಲ್ಲಿ ನಾಟಿ ಮರಗಳನ್ನೆಲ್ಲ ತೆಗೆದು ಸಾಲಾಗಿ ಸಿಲ್ವರ್ ಓಕ್ ನೆಟ್ಟರೆ ಕಾಯಿದೆಯ ಉಲ್ಲಂಘನೆಯಾಗುವುದಿಲ್ಲ. ಏಕೆಂದರೆ ಅದು ಮೊದಲೂ ಕೃಷಿಭೂಮಿ, ಈಗಲೂ ಕೃಷಿಭೂಮಿ. ಅತ್ತಿಯ ಹಣ್ಣಿಗೆ ಬರುತ್ತಿದ್ದ ಮಂಗಟ್ಟೆ, ಕಂದಳಿಲು, ಬಾವಲಿಗಳ ಲೆಕ್ಕವನ್ನು ಅದು ಕೇಳುವುದಿಲ್ಲ. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ನೇರವಾಗಿ ಬೇಗ ಬೆಳೆಯುತ್ತದೆ, ಕರಿಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಮಾರಾಟಕ್ಕೂ ಸುಲಭ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ಅದನ್ನು ಕಡಿಯಲು ಅನುಮತಿ ಬೇಕಿಲ್ಲ. ನಾಟಿ ಮರಕ್ಕೆ ಬೇಕು. ತಾನು ನೆಟ್ಟು ಬೆಳೆಸಿದ ನಾಟಿ ಮರ ತನ್ನದಾಗುವುದೋ ಇಲ್ಲವೋ ಎಂಬ ಶಂಕೆಯಿರುವ ರೈತ ಸಿಲ್ವರ್ ಓಕನ್ನೇ ನೆಡುತ್ತಾನೆ. ಮರವನ್ನು ಕಾಪಾಡಲು ಮಾಡಿದ ನಿಯಮವೇ ನಾಟಿ ಮರದ ಸಂತತಿಗೆ ಅಡ್ಡಿಯಾಗಿದೆ.

ಆದಕಾರಣ ಸಾಕ್ಷ್ಯವೆಂದರೆ ಕೇವಲ ಒಂದು ಬಿಂದು ಎಂದು ಭಾವಿಸಿದರೆ ಪರಿಸರಕ್ಕೂ ಬೆಳೆಗಾರನಿಗೂ ಪೂರ್ಣ ಲಾಭವಿಲ್ಲ. ಬಿಂದುವಿನ ಜೊತೆಗೆ ತೋಟದ ಮರಗಳ ಪಟ್ಟಿಯೂ ಇರಬೇಕು: ಯಾವ ಜಾತಿ, ಎಷ್ಟು, ಅಂದಾಜು ಸುತ್ತಳತೆ ಎಷ್ಟು, ಮರಗಸಿ ಯಾವ ತಿಂಗಳಲ್ಲಿ ಆಯಿತು, ಯಾವ ಮರ ಗಾಳಿಗೆ ಬಿತ್ತು. ಕಾಡಿನಂತೆ ಕಂಡ ತೋಟ ಕಾಡಲ್ಲವೆಂದು ತೋರಿಸಲು ಇದೇ ಆಧಾರ. ಇಲ್ಲಿ ಐವತ್ತು ಜಾತಿಯ ಮರಗಳಿವೆಯೆಂದು ಹೆಚ್ಚಿನ ಬೆಲೆ ಕೊಡುವ ಖರೀದಿದಾರನಿಗೆ ತೋರಿಸಲೂ ಇದೇ ಆಧಾರ.

ಕಣದಲ್ಲಿ ಬರೆಯುವ ಸಾಕ್ಷ್ಯ

ಕಾಡಿನ ಪ್ರಶ್ನೆಯೊಂದೇ ಹೊರನಾಡ ಮಾರುಕಟ್ಟೆಯ ಬಾಗಿಲಲ್ಲ. ಆಹಾರದ ಸುರಕ್ಷತೆಯ ನಿಯಮಗಳು ಅದಕ್ಕಿಂತ ಹಳೆಯವು, ಕಠಿಣವೂ ಹೌದು. ಬೇರೆ ಮಿತಿ ನಿಗದಿಯಾಗದ ಕೀಟನಾಶಕಕ್ಕೆ ಐರೋಪ್ಯ ಒಕ್ಕೂಟದಲ್ಲಿ ಕಿಲೋಗೆ 0.01 ಮಿಲಿಗ್ರಾಂ ಮಾತ್ರ ಅನುಮತಿಯಿದೆ. ಅರೇಬಿಕಾದ ಬಿಳಿ ಕಾಂಡಕೊರಕದ ವಿರುದ್ಧ ತೋಟಗಳಲ್ಲಿ ಬಹುಕಾಲ ಬಳಕೆಯಾದ ಕ್ಲೋರ್‌ಪೈರಿಫಾಸ್‌ನ ಬಳಕೆಗೆ ಅಲ್ಲಿದ್ದ ಅನುಮತಿ 2020ರಲ್ಲಿ ಕೊನೆಗೊಂಡಿತು. ಕಾಂಡಕೊರಕದ ದುಂಬಿಗೆ ಬಿಸಿಲು ಬಿದ್ದ ಗಿಡ ಇಷ್ಟವೆಂಬುದು ಪ್ರತಿಯೊಬ್ಬ ಅರೇಬಿಕಾ ಬೆಳೆಗಾರನಿಗೂ ತಿಳಿದಿದೆ. ನೆರಳು ತೆಗೆದಷ್ಟೂ ಕೊರಕ ಹೆಚ್ಚು, ಕೊರಕ ಹೆಚ್ಚಿದಷ್ಟೂ ವಿಷ ಹೆಚ್ಚು, ವಿಷ ಹೆಚ್ಚಿದಷ್ಟೂ ಮಾರುಕಟ್ಟೆ ದೂರ. ಸಮತೂಕದ ನೆರಳನ್ನು ಉಳಿಸಿಕೊಳ್ಳುವುದು ಹೀಗೆ ಮಾರಾಟದ ಜಾಣ್ಮೆಯೂ ಆಗುತ್ತದೆ.

ಇನ್ನೊಂದು ಶತ್ರು ಬೂಷ್ಟು. ನಿಧಾನವಾಗಿ ಒಣಗಿದ, ಮತ್ತೆ ನೆನೆದ ಕಾಫಿಯಲ್ಲಿ ಓಕ್ರಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹುರಿದ ಕಾಫಿಯಲ್ಲಿ ಇದರ ಮಿತಿ ಹಿಂದೆ ಕಿಲೋಗೆ 5 ಮೈಕ್ರೋಗ್ರಾಂ ಇದ್ದದ್ದು 2023ರಿಂದ 3ಕ್ಕೆ ಇಳಿದಿದೆ. ಕೊಯ್ಲಿನ ದಿನಗಳಲ್ಲಿ ಅಕಾಲ ಮಳೆ ಸುರಿಯುವುದು ಈಚಿನ ವರ್ಷಗಳಲ್ಲಿ ಸಾಮಾನ್ಯವಾಗುತ್ತಿದೆ. ಮಣ್ಣಿನ ಕಣದಲ್ಲಿ, ಹರಿದ ಟಾರ್ಪಾಲಿನ ಕೆಳಗೆ ಹಣ್ಣು ಒಣಗಿಸುವ ಬೆಳೆಗಾರನಿಗೆ ಇದು ಎಂಥ ಪರೀಕ್ಷೆ ಎಂಬುದನ್ನು ವಿವರಿಸಬೇಕಾಗಿಲ್ಲ. ಹಣ್ಣನ್ನು ತೆಳುವಾಗಿ ಹರಡುವುದು, ದಿನಕ್ಕೆ ಹಲವು ಬಾರಿ ಕೆದಕುವುದು, ತೇವಾಂಶ 12ಕ್ಕಿಂತ ಕೆಳಗಿಳಿಯುವವರೆಗೆ ಚೀಲಕ್ಕೆ ತುಂಬದಿರುವುದು, ಗೊಬ್ಬರ, ಕೀಟನಾಶಕಗಳಿರುವ ಕೋಣೆಯಲ್ಲಿ ಚೀಲ ಇಡದಿರುವುದು ಇವು ಹಳೆಯ ಮಾತುಗಳೇ. ಆದರೆ ತೇವಾಂಶ ಅಳೆಯುವ ಯಂತ್ರ ಎಷ್ಟು ಸಣ್ಣ ಬೆಳೆಗಾರರ ಮನೆಯಲ್ಲಿದೆ? ಹಲ್ಲಿನಿಂದ ಕಚ್ಚಿ ನೋಡುವ ಅನುಭವಕ್ಕೆ ಗೌರವ ಸಲ್ಲಿಸಿಯೂ, ವ್ಯಾಪಾರಿಯ ಯಂತ್ರ ತೋರಿಸಿದ ಅಂಕಿಯನ್ನು ಪ್ರಶ್ನಿಸಲು ತನ್ನದೂ ಒಂದು ಅಂಕಿ ಬೇಕಾಗುತ್ತದೆ. ಔಟ್‌ಟರ್ನ್ ಲೆಕ್ಕದಲ್ಲಿ ಕಳೆದುಹೋಗುವ ಹಣಕ್ಕೆ ಎಷ್ಟೋ ಸಲ ಇದೇ ಕಾರಣ.

ಪಲ್ಪರಿನ ನೀರನ್ನು ಮರೆಯುವಂತಿಲ್ಲ. ಹಣ್ಣಿನ ಲೋಳೆ ತುಂಬಿದ ಆ ನೀರು ಹಳ್ಳ ಸೇರಿದರೆ ನೀರಿನ ಪ್ರಾಣವಾಯು ಇಳಿದು ಮೀನು ಸಾಯುತ್ತದೆ. ಕೆಳಗಿನ ಊರಿನವರು ಕುಡಿಯುವುದೂ ಅದನ್ನೇ. ಬೆಳೆದ ದೇಶದ ಪರಿಸರ ಕಾನೂನಿನ ಪಾಲನೆ ಈಗ ರಫ್ತಿನ ಷರತ್ತೂ ಆಗಿರುವುದರಿಂದ, ಹೊಂಡದಲ್ಲಿ ನಿಲ್ಲಿಸಿ ಶುದ್ಧಗೊಳಿಸದೆ ಹಳ್ಳಕ್ಕೆ ಬಿಡುವ ಅಭ್ಯಾಸಕ್ಕೆ ಕೊನೆ ಹೇಳಬೇಕು.

ಒಟ್ಟುಗೂಡಿದವರ ಅನುಭವ

ಸಣ್ಣವರು ಒಟ್ಟುಗೂಡಿ ಹೊರನಾಡ ಮಾರುಕಟ್ಟೆ ತಲುಪಿದ ಉದಾಹರಣೆಗಳಿಗೆ ಬಹುದೂರ ಹೋಗಬೇಕಿಲ್ಲ. ಘಟ್ಟದ ದಕ್ಷಿಣಕ್ಕೆ, ನೆರೆಯ ಕೇರಳದಲ್ಲಿ 2005ರಲ್ಲಿ ಸ್ಥಾಪನೆಯಾದ ಫೇರ್ ಟ್ರೇಡ್ ಅಲಯನ್ಸ್ ಕೇರಳ ಎಂಬ ರೈತರ ಸಂಘಟನೆ ಗೇರುಬೀಜ, ಕಾಫಿ, ಸಾಂಬಾರ ಪದಾರ್ಥಗಳನ್ನು ನ್ಯಾಯಬೆಲೆಯ ವ್ಯಾಪಾರ ಜಾಲದ ಮೂಲಕ ಯುರೋಪಿಗೆ ತಲುಪಿಸಿದೆ. ಪೂರ್ವಘಟ್ಟದ ಅರಕು ಕಣಿವೆಯಲ್ಲಿ ಆದಿವಾಸಿ ಬೆಳೆಗಾರರ ಸಹಕಾರ ಸಂಘ ನಾಂದಿ ಪ್ರತಿಷ್ಠಾನದ ನೆರವಿನೊಡನೆ ಬೆಳೆದ ಕಾಫಿಗೆ 2017ರಲ್ಲಿ ಪ್ಯಾರಿಸ್ ನಗರದಲ್ಲಿ ತನ್ನದೇ ಹೆಸರಿನ ಅಂಗಡಿ ತೆರೆಯಿತು. ತುಂಡುತುಂಡು ಭೂಮಿಯ ಬೆಳೆಗಾರರು ಅವರು. ಹಣ್ಣನ್ನು ಒಂದೆಡೆ ತಂದು ಸಂಸ್ಕರಿಸಿದ್ದರಿಂದ ರುಚಿಯಲ್ಲಿ ಏಕರೂಪತೆ ಬಂತು, ಊರಿನ ಹೆಸರೇ ಬೆಲೆಯಾಯಿತು.

ಕಾಫಿಯ ತವರಾದ ಇಥಿಯೋಪಿಯಾದ ಅನುಭವ ಇನ್ನೂ ದೊಡ್ಡದು. ಅಲ್ಲಿ 1999ರಲ್ಲಿ ಸ್ಥಾಪನೆಯಾದ ಒರೋಮಿಯಾ ಕಾಫಿ ಬೆಳೆಗಾರರ ಸಹಕಾರ ಒಕ್ಕೂಟ ಹಳ್ಳಿಗಳ ಸಂಘಗಳನ್ನು ಒಂದುಗೂಡಿಸಿ, ಮಧ್ಯದ ಹಲವು ಕೈಗಳನ್ನು ದಾಟಿ, ತಾನೇ ರಫ್ತುದಾರನಾಯಿತು. ಲಾಭದ ಪಾಲು ಹಳ್ಳಿಗಳ ಶಾಲೆ, ಆಸ್ಪತ್ರೆ, ನೀರಿಗೆ ಹೋಯಿತು. ಸಿಡಾಮೋ, ಹರಾರ್, ಯಿರ್ಗಾಚೆಫೆ ಎಂಬ ಊರಿನ ಹೆಸರುಗಳ ಹಕ್ಕಿಗಾಗಿ ಆ ಬಡ ದೇಶ ಅಮೆರಿಕದ ದೈತ್ಯ ಸ್ಟಾರ್‌ಬಕ್ಸ್ ಕಂಪೆನಿಯೊಡನೆ ವಾದಿಸಿ 2007ರಲ್ಲಿ ಒಪ್ಪಂದಕ್ಕೆ ಬಂದಿತು. ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎಂಬ ಹೆಸರುಗಳಿಗೂ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಹೆಸರು ಪಡೆದದ್ದಾಗಿದೆ, ಆ ಹೆಸರಿನಲ್ಲಿ ಸಣ್ಣ ಬೆಳೆಗಾರನ ಚೀಲ ಮಾರಾಟವಾಗುವಂತೆ ಮಾಡುವ ಕೆಲಸ ಉಳಿದಿದೆ.

ಈ ಮೂರೂ ಕಡೆ ಸಾಮಾನ್ಯವಾಗಿರುವುದು ಒಂದು. ಬೆಳೆಗಾರರ ಪಟ್ಟಿ, ತೋಟಗಳ ದಾಖಲೆ, ಕೊಟ್ಟ ಕಾಫಿಯ ಲೆಕ್ಕ ಇವುಗಳ ಸುತ್ತ ಬೆಳೆಗಾರರ ಸಂಘಟನೆಯೊಂದು ನಿಂತಿತು. ಸಾವಯವ ಪ್ರಮಾಣಪತ್ರದ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ಪದ್ಧತಿ ಬಹುಕಾಲ ರೂಢಿಯಲ್ಲಿತ್ತು. ರೈತರ ಗುಂಪಿನ ಹೆಸರಿನಲ್ಲಿ ಪ್ರಮಾಣಪತ್ರ ಮಾಡಿಸಿ ಅದನ್ನು ಕಂಪೆನಿಯೇ ಇಟ್ಟುಕೊಳ್ಳುವುದು. ರೈತ ಬೇರೆಯವರಿಗೆ ಮಾರಹೊರಟರೆ ಅವನ ಕಾಫಿ ಸಾವಯವವಲ್ಲದ್ದಾಗುವುದು. ಐರೋಪ್ಯ ಒಕ್ಕೂಟದ ಹೊಸ ಸಾವಯವ ಕಾಯಿದೆ ಈಗ ಗುಂಪಿನಲ್ಲಿ ರೈತರು ಮಾತ್ರ ಇರಬೇಕು, ಗುಂಪಿಗೆ ತನ್ನದೇ ಕಾನೂನುಬದ್ಧ ಅಸ್ತಿತ್ವ ಇರಬೇಕು, ಸದಸ್ಯರು 2,000 ಮೀರಬಾರದು ಎನ್ನುತ್ತದೆ. ತೋಟದ ಗುರುತಿನ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಇಂದು ವ್ಯಾಪಾರಿಯ ಮೊಬೈಲಿನಲ್ಲಿ ಉಚಿತವಾಗಿ ದಾಖಲಾದ ನಕ್ಷೆ ನಾಳೆ ಅವನೊಬ್ಬನಿಗೇ ಮಾರಬೇಕಾದ ಬಂಧನವಾಗಬಾರದು.

ಬೇಕಾದ ನೆರವು ಯಾವುದು?

ರಫ್ತಿಗೆ ಪ್ರೋತ್ಸಾಹವೆಂದರೆ ಮೇಳದಲ್ಲಿ ಮಳಿಗೆ, ಒಂದು ದಿನದ ತರಬೇತಿ, ಬಣ್ಣದ ಕೈಪಿಡಿ ಎಂಬ ಕಲ್ಪನೆ ಇನ್ನೂ ಇದೆ. ಅವುಗಳಿಂದ ದೊಡ್ಡವರಿಗೆ ಪ್ರಯೋಜನವಿರಬಹುದು. ಸಣ್ಣ ಬೆಳೆಗಾರನಿಗೆ ಬೇಕಾದುದು ಹೀಗಿದೆ.

ಮೊದಲನೆಯದಾಗಿ, ಊರಿಗೊಂದು ದಾಖಲೆ ಪುಸ್ತಕ. ಕಾಫಿ ಮಂಡಳಿ ತೋಟಗಳನ್ನು ಮೊಬೈಲ್ ಆ್ಯಪ್‌ನಲ್ಲಿ ನೋಂದಾಯಿಸುವ ಕೆಲಸ ಆರಂಭಿಸಿದೆ. ಅದರಲ್ಲಿ ಎಲ್ಲರೂ ಸೇರಬೇಕು. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರ, ಒಂಟಿ ಮಹಿಳೆಯರ ತೋಟಗಳಿಗೆ ಊರಿನ ಕಾಲೇಜು ಮಕ್ಕಳು ಹೋಗಿ ಗುರುತಿಸಿಕೊಡಬಹುದು. ಜೊತೆಗೆ ಅದೇ ವಿವರ, ಮರಗಳ ಪಟ್ಟಿಯೊಡನೆ, ಸಂಘದಲ್ಲಿಯೂ ಇರಬೇಕು. ಕಾಯಿದೆ ದಾಖಲೆಗಳನ್ನು ಐದು ವರ್ಷ ಕಾಪಿಡಲು ಹೇಳುತ್ತದೆ. ಆಮದುದಾರ ಬದಲಾದರೂ ಸಂಘದ ಪುಸ್ತಕ ಉಳಿಯುತ್ತದೆ.

ಎರಡನೆಯದಾಗಿ, ಹಂಚಿಕೊಂಡ ಸಲಕರಣೆ. ಹತ್ತು ಹದಿನೈದು ಮನೆಗಳಿಗೆ ಒಂದು ತೇವಾಂಶ ಮಾಪಕ, ಸಾಧ್ಯವಾದಲ್ಲಿ ಒಂದು ಕಾಂಕ್ರೀಟ್ ಕಣ, ನೀರು ಕಡಿಮೆ ಬಳಸುವ ಒಂದು ಪಲ್ಪರ್, ಅದರ ನೀರಿಗೆ ಒಂದು ಹೊಂಡ. ಬೇರೆ ಬೇರೆ ಗುರುತಿನ ಚೀಲಗಳು ಬೆರೆಯದಂತೆ ಇಡಲು ಒಂದು ಗೋದಾಮು.

ಮೂರನೆಯದಾಗಿ, ಕಾಗದದ ಕೆಲಸ ಬಲ್ಲ ಒಬ್ಬ ಮನುಷ್ಯ. ಆಮದು ರಫ್ತು ಸಂಕೇತ ಸಂಖ್ಯೆ, ಮಂಡಳಿಯ ನೋಂದಣಿ, ಮೂಲದ ಪ್ರಮಾಣಪತ್ರ, ಸಸ್ಯ ಆರೋಗ್ಯ ಪ್ರಮಾಣಪತ್ರ, ಪ್ರಯೋಗಾಲಯದ ವರದಿ ಇವನ್ನೆಲ್ಲ ಪ್ರತಿಯೊಬ್ಬ ರೈತನೂ ಕಲಿಯಬೇಕಿಲ್ಲ. ಹಲವು ಸಂಘಗಳು ಸೇರಿ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳಬಹುದು. ಮೊದಲ ಕೆಲವು ವರ್ಷ ಈ ಸಂಬಳಕ್ಕೆ ಸರ್ಕಾರ ನೆರವಾದರೆ ಮೇಳಗಳ ಖರ್ಚಿಗಿಂತ ಸಾರ್ಥಕವಾದೀತು.

ನಾಲ್ಕನೆಯದು ಸರ್ಕಾರದಿಂದ ಕೇಳಬೇಕಾದದ್ದು. ಬಾಕಿ ಉಳಿದ ಖಾತೆ, ಪಾಲು, ಸಾಗುವಳಿ ಚೀಟಿಗಳ ಇತ್ಯರ್ಥಕ್ಕೆ ಕಾಫಿ ತಾಲ್ಲೂಕುಗಳಲ್ಲಿ ವಿಶೇಷ ಕಂದಾಯ ಅದಾಲತ್‌ಗಳು ನಡೆಯಲಿ. ನೆಟ್ಟು ಬೆಳೆಸಿದ ನಾಟಿ ಮರದ ಮೇಲೆ ಬೆಳೆಗಾರನ ಹಕ್ಕು ಸ್ಪಷ್ಟವಾಗಲಿ. ನೆರಳಿನ ತೋಟವನ್ನು ಕಾಡಿನಿಂದ ಬೇರೆಯಾಗಿ ಗುರುತಿಸುವ ನಕ್ಷೆಯನ್ನು ಮಂಡಳಿ, ಅರಣ್ಯ ಇಲಾಖೆ, ಅರಣ್ಯ ಕಾಲೇಜುಗಳು ಕೂಡಿ ಸಿದ್ಧಪಡಿಸಿ ಎಲ್ಲರಿಗೂ ತೆರೆದಿಡಲಿ.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ರಫ್ತು ಬೆಳೆಗಾರನ ಒಂದು ಕಾಲು ಆಗಬಹುದು, ಎರಡೂ ಕಾಲು ಆಗಬಾರದು. 2001ರ ಕುಸಿತದಲ್ಲಿ ತಾಳಿಕೊಂಡವರು ಕಾಫಿಯ ಜೊತೆ ಮೆಣಸು, ಏಲಕ್ಕಿ, ಬಾಳೆ, ಕಿತ್ತಳೆ, ಜೇನು, ಗದ್ದೆಯ ಭತ್ತ ಇಟ್ಟುಕೊಂಡವರು. ಭತ್ತದ ಗದ್ದೆ ಪಾಳು ಬಿಟ್ಟು ಎಲ್ಲವನ್ನೂ ಹಡಗಿಗೆ ಒಪ್ಪಿಸಿದರೆ ಮುಂದಿನ ಕುಸಿತದಲ್ಲಿ ಮತ್ತೆ ಮರಗಳೇ ಬಲಿಯಾದಾವು. ಬೆಂಗಳೂರು, ಮೈಸೂರು, ಮಂಗಳೂರಿನ ಕುಡಿಯುವವರಿಗೂ ನೆರಳಿನ ಕಾಫಿಯ ಸಾಕ್ಷ್ಯ ತೋರಿಸಿ ಮಾರಬಹುದು. ಅದಕ್ಕೆ ಕಂಟೇನರ್ ಬೇಕಿಲ್ಲ.

ಮುಂದಿನ ಕೊಯ್ಲಿಗೆ ಮುಂಚೆ ಪ್ರತಿ ಊರಿನ ಸಂಘವೂ ತನ್ನ ಸದಸ್ಯರ ಪಹಣಿಗಳನ್ನು ಒಂದೆಡೆ ತಂದು, ಯಾರದು ಸರಿಯಿದೆ, ಯಾರದು ತೊಡಕಿನಲ್ಲಿದೆ ಎಂಬ ಪಟ್ಟಿ ಮಾಡಲಿ. ಮಳೆಗಾಲದ ಮರಗಸಿಯ ಹೊತ್ತಿಗೆ ಮರಗಳ ಎಣಿಕೆಯನ್ನು ಆರಂಭಿಸಲಿ. ಎಣಿಸುವಾಗ ಮನೆಯ ಹಿರಿಯರು ಜೊತೆಗಿದ್ದರೆ ಒಳ್ಳೆಯದು. ಮಕ್ಕಳಿಗೆ ಹೆಸರು ತಿಳಿಯದ ಮರಗಳು ಪ್ರತಿ ತೋಟದಲ್ಲಿಯೂ ಇವೆ. ಹೆಸರು ಬರೆದುಕೊಂಡಲ್ಲದೆ ಪಟ್ಟಿ ಪೂರ್ಣವಾಗದು.